ಎಸ್‌ಒಪಿಯಲ್ಲಿ ತೊಗರಿ ಹೊಲಕ್ಕೆ ಜಾಗವಿದೆಯೇ?

ಪ್ರಶ್ನೆ: ನಾನು ಅಫಜಲಪುರ ತಾಲ್ಲೂಕಿನವನು. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿ. ಮುಗಿಸುತ್ತಿದ್ದೇನೆ. ಅಮೆರಿಕದಲ್ಲಿ ಸಸ್ಯರೋಗಶಾಸ್ತ್ರದ ಪಿಎಚ್‌.ಡಿ.ಗೆ ಅರ್ಜಿ ಹಾಕಬೇಕು, ಡಿಸೆಂಬರ್ ಗಡುವು ತಲೆಯ ಮೇಲಿದೆ. ಒಂದು ಕಡೆ ಎಸ್‌ಒಪಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಓದಿನ ಉದ್ದೇಶ ತಿಳಿಸುವ ಬರಹ), ಪರ್ಸನಲ್ ಸ್ಟೇಟ್‌ಮೆಂಟ್ (ಸ್ವಂತ ಹಿನ್ನೆಲೆಯ ಬರಹ) ಎರಡನ್ನೂ ಕೇಳಿದ್ದಾರೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಬಿ.ಎಸ್ಸಿ.ಯಲ್ಲಿ ಒಂದು ವಿಷಯವನ್ನು ಮರುಪರೀಕ್ಷೆಯಲ್ಲಿ ಪಾಸು ಮಾಡಿದ್ದೇನೆ. ಇದನ್ನೆಲ್ಲ ಬರೆಯಬೇಕೇ? ಬರೆದು ಗೆದ್ದವರು ದಯವಿಟ್ಟು ಹೇಳಿ.

ಆಳಂದದವರು, ಈಗ ಅಮೆರಿಕದಲ್ಲಿ ಸಂಶೋಧನೆ:
ಎರಡನ್ನೂ ಕಲಸಬೇಡಿ. ಏನನ್ನು ಸಂಶೋಧಿಸಬೇಕೆಂದಿದ್ದೀರಿ, ಅದಕ್ಕೆ ನಿಮ್ಮ ತಯಾರಿ ಏನು, ಆ ವಿಭಾಗವೇ ಏಕೆ ಎಂಬುದು ಎಸ್‌ಒಪಿಗೆ. ಬೆಳೆದ ಪರಿಸರ, ಓದಿದ ಶಾಲೆ, ದಾಟಿ ಬಂದ ಅಡೆತಡೆ ಇನ್ನೊಂದಕ್ಕೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲೂ ಹೀಗೆಯೇ ಬೇರೆ ಬೇರೆಯಾಗಿ ಕೇಳುತ್ತಾರೆ. ‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂಬ ಸಾಲಿದ್ದರೆ ಈಗಲೇ ಅಳಿಸಿ. ಅದನ್ನು ಬರೆಯದವರೇ ಇಲ್ಲ.

ಅಫಜಲಪುರದಲ್ಲಿ ಹುಟ್ಟಿ ನೆಟೆ ರೋಗ ನೋಡದವರುಂಟೇ? ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನಿಂತ ನಿಲುವಿನಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ನೀರು ಸಾಗುವ ನಾಳದುದ್ದಕ್ಕೂ ಕಪ್ಪುಗಂದು ಗೆರೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಉಡಮ್ ಶಿಲೀಂಧ್ರದ ಕೆಲಸ ಅದು. ನೆಟೆ ತಡೆಯುವ ‘ಮಾರುತಿ’ ತಳಿ ಕರ್ನಾಟಕಕ್ಕೆ 1986ರಲ್ಲೇ ಬಂತು. ಆದರೂ ಹೊಲ ಏಕೆ ಒಣಗುತ್ತಿದೆ? ಬೀಜ ಬೆರಕೆಯಾಯಿತೇ, ಶಿಲೀಂಧ್ರವೇ ಬದಲಾಯಿತೇ, ವರ್ಷ ವರ್ಷವೂ ಅದೇ ಹೊಲದಲ್ಲಿ ತೊಗರಿ ಬಿತ್ತಿದ್ದರಿಂದಲೇ? ನಿಮ್ಮ ಎಸ್‌ಒಪಿಯ ಮೊದಲ ಪ್ಯಾರಾ ಇಂಥ ಒಂದು ಪ್ರಶ್ನೆಯಾಗಲಿ. ಎರಡನೆಯದರಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಸ್ವತಃ ಮಾಡಿದ್ದನ್ನು ಹೇಳಿ. ‘ಭಾಗವಹಿಸಿದೆ’ ಎಂದರೆ ಏನೂ ತಿಳಿಯುವುದಿಲ್ಲ. ಶಿಲೀಂಧ್ರವನ್ನು ಬೇರ್ಪಡಿಸಿ ಬೆಳೆಸಿದ್ದರೆ ಹಾಗೆಂದೇ ಬರೆಯಿರಿ. ಆಮೇಲೆ ಅಲ್ಲಿನ ಇಬ್ಬರು ಪ್ರಾಧ್ಯಾಪಕರ ಕೆಲಸ ನಿಮ್ಮ ಪ್ರಶ್ನೆಗೆ ಎಲ್ಲಿ ತಾಗುತ್ತದೆ ಎಂಬುದು. ಅವರ ಲೇಖನ ಓದದೆ ಹೆಸರು ಮಾತ್ರ ತುರುಕಬೇಡಿ.

ಬೀದರ್‌ನವರು:
ಮೇಲಿನವರ ಮಾತು ಸರಿ, ಆದರೆ ಊರಿನ ಕಥೆ ಮಿತಿಯಲ್ಲಿರಲಿ. ನಾನು ಲೋಹವಿಜ್ಞಾನಕ್ಕೆ ಅರ್ಜಿ ಹಾಕುವಾಗ ಬಿದರಿ ಕಲೆಯ ಬಗ್ಗೆ ಒಂದು ಪುಟ ಬರೆಯೆಂದು ಎಲ್ಲರೂ ದುಂಬಾಲು ಬಿದ್ದರು. ಎರಡೇ ವಾಕ್ಯ ಬರೆದೆ. ಕೋಟೆಯ ಮಣ್ಣಿಗೆ ಅಮೋನಿಯಂ ಕ್ಲೋರೈಡ್ ಬೆರೆಸಿ ಉಜ್ಜಿದರೆ ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ನನ್ನ ಪ್ರಾಜೆಕ್ಟ್ ಸತುವಿನ ಸವೆತದ ಮೇಲಿತ್ತು, ಹಾಗಾಗಿ ಅದು ಕೂತಿತು. ಪ್ರಾಜೆಕ್ಟ್ ಬೇರೆಯದಾಗಿದ್ದರೆ ಬಿದರಿಯ ಹೆಸರೇ ಎತ್ತುತ್ತಿರಲಿಲ್ಲ. ಮರುಪರೀಕ್ಷೆ ಅಂಕಪಟ್ಟಿಯಲ್ಲಿ ಹೇಗೂ ಕಾಣುತ್ತದೆ: ಕಾರಣ ಒಂದು ವಾಕ್ಯ, ನಂತರದ ಅಂಕ ಒಂದು ವಾಕ್ಯ, ಮುಗಿಯಿತು. ಕನ್ನಡ ಮಾಧ್ಯಮದ ಬಗ್ಗೆ ಅಳಲು ತೋಡಿಕೊಳ್ಳಬೇಡಿ. ಇಂಗ್ಲಿಷ್ ಲೇಖನಗಳನ್ನು ಓದಲು ಏನು ಮಾಡಿದಿರಿ ಎಂಬುದಿದ್ದರೆ ಬರೆಯಿರಿ.

ಯಾದಗಿರಿಯ ಕಾಲೇಜು ಅಧ್ಯಾಪಕಿ:
ಶಿಫಾರಸು ಪತ್ರವನ್ನೂ ತಾವೇ ಬರೆದು ಸಹಿಗೆ ತರುವ ವಿದ್ಯಾರ್ಥಿಗಳನ್ನು ವಾಪಸು ಕಳುಹಿಸಿದ್ದೇನೆ. ಪತ್ರ, ಎಸ್‌ಒಪಿ ಎರಡರಲ್ಲೂ ಒಂದೇ ವಾಕ್ಯವಿದ್ದರೆ ಓದುವವರಿಗೆ ಗೊತ್ತಾಗದೇ? ಎಸ್‌ಒಪಿಯ ಕರಡನ್ನು ಪತ್ರ ಬರೆಯುವ ಗುರುಗಳಿಗೆ ತಿಂಗಳ ಮೊದಲೇ ಕೊಡಿ. ನೀವು ಬಿಟ್ಟಿದ್ದನ್ನು ಅವರು ಹೇಳುತ್ತಾರೆ.

371(ಜೆ), ಅಂದರೆ ನಮ್ಮ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ ವಿಧಿ, ಎಂದರೆ ಅಮೆರಿಕದಲ್ಲಿ ಯಾರಿಗೂ ಅರ್ಥವಾಗದು. ಬೇಕೇ ಬೇಕಾದರೆ ಅರ್ಧ ವಾಕ್ಯದಲ್ಲಿ ವಿವರಿಸಿ. ಗುಲ್ಬರ್ಗಾ ನಗರದ ಹೆಸರು 2014ರಿಂದ ಕಲಬುರಗಿ, ವಿಶ್ವವಿದ್ಯಾಲಯದ್ದು ಮಾತ್ರ ಗುಲ್ಬರ್ಗಾ. ಒಂದು ಸಲ ‘ಗುಲ್ಬರ್ಗಾ ವಿಶ್ವವಿದ್ಯಾಲಯ, ಕಲಬುರಗಿ’ ಎಂದು ಬರೆದರೆ ಸಾಕು. ಅರ್ಜಿ ಶುಲ್ಕ ಭಾರವೆನಿಸಿದರೆ ವಿನಾಯಿತಿ ಇದೆಯೇ ಎಂದು ವಿಭಾಗಕ್ಕೆ ಇಮೇಲ್ ಮಾಡಿ. ಕಟ್ಟಿದ ಮೇಲೆ ಕೇಳಿ ಪ್ರಯೋಜನವಿಲ್ಲ.