ಅಕ್ಕಾ, ಹುಡುಗ ಕೆಟ್ಟಿಲ್ಲ

ಅಕ್ಕಾ, ಮಗ ಕಾಲೇಜಿನಲ್ಲಿ ಗೆಳೆಯನ ಬದಲು ಹಾಜರಿ ಕೂಗಿದ್ದಾನೆ ಅಂತ ನೀನು ಹಾಕಿದ ಮೆಸೇಜ್ ಕೇಳಿದೆ. ಅದರ ಕೆಳಗೆ ಮಾವ "ಹುಡುಗ ಕಲಬುರಗಿಗೆ ಹೋಗಿ ಕೆಟ್ಟ, ಊರಿಗೆ ಕರೆಸಿ" ಅಂತ ಹಾಕಿದ್ದನ್ನೂ ನೋಡಿದೆ. ನಾನು ದಿನಾ ಫಸ್ಟ್ ಇಯರ್ ಮಕ್ಕಳಿಗೆ ಪಾಠ ಮಾಡುತ್ತಾ ಅವರ ನಡುವೆಯೇ ಇರುವವಳು. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಮಾವನೂ ಕೇಳಲಿ.

ನಡೆದದ್ದು ಇಷ್ಟೇ ಅಲ್ವಾ? ಅವನ ರೂಮ್‌ಮೇಟ್ ರಾತ್ರಿ ದಾಲ್ ಮಿಲ್‌ಗೆ ಕೆಲಸಕ್ಕೆ ಹೋಗುತ್ತಾನೆ, ಬೆಳಗಿನ ಕ್ಲಾಸಿಗೆ ಏಳೋಕೆ ಆಗುವುದಿಲ್ಲ. ನಮ್ಮ ಹುಡುಗ ಅವನ ಬದಲು "ಎಸ್ ಸರ್" ಅಂದಿದ್ದಾನೆ. ಭಾವ ಬೈದಾಗ "ತಪ್ಪು ಅಂತ ಯಾರು ಹೇಳಿದ್ದು? 75 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಅವನನ್ನು ಪರೀಕ್ಷೆಗೆ ಕೂರಿಸುವುದಿಲ್ಲ" ಅಂದ. ನಿನಗೆ ಹಾಜರಿಗಿಂತ ಆ ಎದುರುತ್ತರವೇ ಜಾಸ್ತಿ ಚುಚ್ಚಿದೆ.

ನನಗೆ ಆ ಎದುರುತ್ತರದ ಭಯ ಇಲ್ಲ ಅಕ್ಕಾ. ಊರಲ್ಲಿ ಅವನು ಯಾಕೆ ಸರಿಯಾಗಿದ್ದ? ಅಪ್ಪ ಬೈಯುತ್ತಾರೆ, ಓಣಿಯವರು ಇಂಥವರ ಮಗ ಅಂತ ಗುರುತು ಹಿಡಿಯುತ್ತಾರೆ. ಇಲ್ಲಿ ಸೇಡಂ ರಸ್ತೆಯಲ್ಲಿ ಅವನು ಯಾರ ಮಗ ಅಂತ ಯಾರಿಗೂ ಗೊತ್ತಿಲ್ಲ. ನೀನು ಬಸ್ಸಿಗೆ ಇಟ್ಟು ಕಳಿಸುವ ರೊಟ್ಟಿ ಬುತ್ತಿ ಬಿಟ್ಟರೆ ಮನೆಯ ಕಾವಲು ಅನ್ನುವುದು ಏನೂ ಇಲ್ಲ. ಹೀಗಾದಾಗ "ಯಾಕೆ ತಪ್ಪು?" ಅಂತ ಕೇಳಲೇಬೇಕಾಗುತ್ತದೆ.

ಬಿ.ಎಡ್. ಮಾಡಿದವರಿಗೆ ಕೋಲ್‌ಬರ್ಗ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ನೆನಪಿರಬೇಕು. 1958ರಲ್ಲಿ ಶಿಕಾಗೋದಲ್ಲಿ ಹುಡುಗರನ್ನು ಕೂರಿಸಿಕೊಂಡು ಸರಿ ಯಾವುದು, ಯಾಕೆ ಅಂತ ಕೇಳಿದವನು. ಅವನ ಪ್ರಕಾರ ಮಕ್ಕಳು ಮೊದಲು ಪೆಟ್ಟು ಬೀಳುತ್ತದೆ ಅಂತ ಹೆದರಿ ಸರಿ ಇರುತ್ತಾರೆ, ಆಮೇಲೆ ನಾಲ್ಕು ಜನ ಒಳ್ಳೆಯವನು ಅನ್ನಲಿ ಅಂತ, ನಿಯಮ ಇದೆ ಅಂತ. ಆ ನಿಯಮವೇ ಯಾಕೆ ಅಂತ ಯೋಚಿಸಿ ನಡೆಯುವವರು ಕೊನೆಗೆ ಕೆಲವರೇ. ಅವನ ಜೊತೆ ಕೆಲಸ ಮಾಡಿದ್ದ ಕ್ಯಾರಲ್ ಗಿಲಿಗನ್ 1982ರಲ್ಲಿ ಇನ್ನೊಂದು ಮಾತು ಸೇರಿಸಿದಳು: ಯಾರಿಗೆ ನೋವಾಗುತ್ತದೆ, ಯಾರ ಕೈ ಬಿಡಬಾರದು ಅಂತ ನೋಡುವುದೂ ನೀತಿಯೇ. ನಮ್ಮ ಹುಡುಗನ ಮಾತಿನಲ್ಲಿ ಅದಿದೆ ನೋಡು. ಗೆಳೆಯನ ವರ್ಷ ಹಾಳಾಗಬಾರದು ಅಂತ ಅವನಿಗೆ ಅನಿಸಿದೆ.

ನನ್ನ ಚಿಂತೆ ಇರುವುದು ಪ್ರಶ್ನೆಯೇ ಏಳದ ಮಕ್ಕಳ ಬಗ್ಗೆ. ಮೊನ್ನೆ ಕೆಮಿಸ್ಟ್ರಿ ರೆಕಾರ್ಡ್ ತಿದ್ದುತ್ತಿದ್ದೆ. ಒಂದು ಬ್ಯಾಚಿನಲ್ಲಿ ಎಲ್ಲರ ಬ್ಯುರೆಟ್ ರೀಡಿಂಗೂ, ಅಂದರೆ ಗಾಜಿನ ಕೊಳವೆಯಿಂದ ಎಷ್ಟು ದ್ರಾವಣ ಬಿಟ್ಟರು ಅನ್ನುವ ಅಳತೆಯೂ, 9.6. ಮೊದಲು ಬರೆದವನು 9.8 ಹಾಕಿ, ಹೊಡೆದು, 9.6 ಮಾಡಿದ್ದ. ಉಳಿದವರು ಆ ಹೊಡೆದ 9.8ನ್ನೂ ಹಾಗೇ ಇಳಿಸಿಕೊಂಡಿದ್ದರು. ಒಬ್ಬಳದ್ದು ಮಾತ್ರ 10.3. ಅವಳು ಹೆದರಿಕೊಂಡು ಬಂದು, "ಮೇಡಂ, ನನ್ನದು ತಪ್ಪು ಬಂದಿದೆ, ಇವರದ್ದು ಬರೆದುಕೊಳ್ಳಲಾ?" ಅಂದಳು. ಸುಳ್ಳು ಬರೆಯುತ್ತಿದ್ದೇವೆ ಅಂತ ಆ ರೂಮಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳು ತಿಳಿ ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸದೆ ಗಾಢ ಆಗುವವರೆಗೂ ದ್ರಾವಣ ಬಿಟ್ಟಿದ್ದಳು, ಅಷ್ಟೇ. 10.3 ಇರಲಿ, ಯಾಕೆ ಹೆಚ್ಚಾಯಿತು ಅಂತ ಕೆಳಗೆ ಬರಿ ಅಂದೆ. ಪೂರ್ತಿ ಮಾರ್ಕ್ಸ್ ಕೊಟ್ಟೆ.

ಜೇಮ್ಸ್ ರೆಸ್ಟ್ ಅನ್ನುವ ಮನಶ್ಶಾಸ್ತ್ರಜ್ಞ ಇದನ್ನು ಚೆನ್ನಾಗಿ ಬಿಡಿಸಿದ್ದಾನೆ. ಇಲ್ಲಿ ಸರಿ ತಪ್ಪಿನ ಮಾತಿದೆ ಅಂತ ಮೊದಲು ಕಣ್ಣಿಗೆ ಬೀಳಬೇಕು. ಆಮೇಲೆ ಯಾವುದು ಸರಿ ಅಂತ ತೂಗಬೇಕು, ಅದನ್ನೇ ಮಾಡಬೇಕು ಅನಿಸಬೇಕು, ಮಾಡುವ ಗಟ್ಟಿತನವೂ ಬೇಕು. ನಾವು ಸುಮ್ನೆ ಎರಡನೆಯದನ್ನೇ ಉಪದೇಶ ಮಾಡುತ್ತೇವೆ. ಮಕ್ಕಳಿಗೆ ಮೊದಲನೆಯದೇ ಆಗಿರುವುದಿಲ್ಲ.

ಅದು ಆಗದೆ ಹೋದರೆ ಏನಾಗುತ್ತದೆ ಅಂತ ಕಲಬುರಗಿಯವರಿಗೆ ಹೇಳಬೇಕಾ? 2021ರ ಅಕ್ಟೋಬರ್‌ನ ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ನೇಮಕಾತಿ ಪರೀಕ್ಷೆ, 545 ಹುದ್ದೆ. ಇಲ್ಲಿ ಉತ್ತರ ಗುರುತಿಸುವ ಓಎಂಆರ್ ಶೀಟ್ ತಿದ್ದಿದ್ದು ಬಯಲಾಯಿತು, 2022ರಲ್ಲಿ ಆಯ್ಕೆಯಾದವರ ಪಟ್ಟಿಯೇ ರದ್ದಾಯಿತು. ನಿಯತ್ತಾಗಿ ಬರೆದವರೂ 2024ರ ಜನವರಿವರೆಗೆ ಮರುಪರೀಕ್ಷೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಕಣ್ಣೀರು ಬಿತ್ತೋ. ತಿದ್ದಿದವರೂ ಒಂದು ಕಾಲದಲ್ಲಿ ಫಸ್ಟ್ ಇಯರ್ ಹುಡುಗರೇ ಆಗಿದ್ದರಲ್ವಾ.

ಹಾಗಂತ ಪ್ರಾಕ್ಸಿ, ಅಂದರೆ ಗೆಳೆಯನ ಹಾಜರಿ ತಾನು ಹಾಕಿದ್ದು ಸರಿ ಅಂತ ನಾನು ಹೇಳುತ್ತಿಲ್ಲ ಅಕ್ಕಾ. ಅದು ಸುಳ್ಳು. ಅದಕ್ಕಿಂತ ಜಾಸ್ತಿ, ಆ ಸುಳ್ಳಿನಿಂದ ಗೆಳೆಯನ ಕಷ್ಟವೇ ಮುಚ್ಚಿಹೋಗಿದೆ. ರಾತ್ರಿಯೆಲ್ಲ ದುಡಿದು ಬರುವ ಹುಡುಗ ಕ್ಲಾಸಿನಲ್ಲಿದ್ದಾನೆ ಅಂತಲೇ ಮೇಷ್ಟ್ರು ತಿಳಿದಿದ್ದಾರೆ. ಅವನಿಗೆ ಸ್ಕಾಲರ್‌ಶಿಪ್ ಬಂದಿದೆಯಾ, ಹಾಸ್ಟೆಲ್ ಅರ್ಜಿ ಹಾಕಿದ್ದಾನಾ ಅಂತ ಯಾರೂ ಕೇಳುವುದಿಲ್ಲ.

ಭಾವನಿಗೆ ಹೇಳು, ಈ ಸಲ ಹುಡುಗ ಬಂದಾಗ ಬೈಯುವುದು ಬೇಡ. "ನಿನ್ನ ಗೆಳೆಯನಿಗೆ ಇದರಿಂದ ನಿಜವಾಗಿ ಏನು ಅನುಕೂಲ ಆಯಿತು?" ಅಂತ ಕೇಳಲಿ, ಕೇಳಿ ಸುಮ್ಮನಿರಲಿ. ಉತ್ತರ ಅವನೇ ಹುಡುಕಲಿ, ಟೈಮ್ ಹಿಡಿದರೂ ಪರವಾಗಿಲ್ಲ. ಮಾವ, ಊರಿಗೆ ಕರೆಸುವ ಮಾತು ಬಿಟ್ಟುಬಿಡಿ. ಮತ್ತೆ ಅಕ್ಕಾ, ಆ ರೂಮ್‌ಮೇಟ್ ಹುಡುಗನನ್ನು ಕರೆದುಕೊಂಡು ನನ್ನ ಹತ್ತಿರ ಬರಲು ಹೇಳು. ಸ್ಕಾಲರ್‌ಶಿಪ್ ಅರ್ಜಿ ನಾನೇ ಕೂತು ತುಂಬಿಸುತ್ತೇನೆ, ಅವನ ಮೇಷ್ಟ್ರ ಜೊತೆಗೂ ಮಾತಾಡುತ್ತೇನೆ.