ಮಹಿಳಾ ಮಂಡಳದ ಕಪಾಟಿಗೆ ಯಾವ ಕಾದಂಬರಿ ತರೋದು?

ಕಪಾಟಿನ ಕೀಲಿ, ಬಾಗಲಕೋಟೆ:

ಎಲ್ಲರಿಗೂ ನಮಸ್ಕಾರ. ನವನಗರದಲ್ಲಿ ನಮ್ಮದೊಂದು ಮಹಿಳಾ ಮಂಡಳ ಇದೆ. ಅದರಲ್ಲೊಂದು ಕಬ್ಬಿಣದ ಕಪಾಟು, ಕಪಾಟಿನ ತುಂಬ ಪುಸ್ತಕ. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಜನ ಇಲ್ಲಿಗೆ ಎದ್ದು ಬಂದಾಗ ಮಂಡಳದ ಹಿರಿಯರು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದಿದ್ದು. ಕೀಲಿ ಈಗ ನನ್ನ ಹತ್ತಿರ. ವಾರಕ್ಕೆರಡು ಮಧ್ಯಾಹ್ನ ತೆಗೆದು ಕೂರುತ್ತೇನೆ.

ಈ ಸಲ ದಾನಿಗಳೊಬ್ಬರು 15,000 ರೂಪಾಯಿ ಕೊಟ್ಟಿದ್ದಾರೆ. ಕಾದಂಬರಿ ಮಾತ್ರ ತರಬೇಕು ಅಂತ ಷರತ್ತು. ಅಲ್ಲಿಗೆ ಸರಿ. ಆದರೆ ಜೊತೆಗೊಂದು ಪಟ್ಟಿಯನ್ನೂ ಕಳಿಸಿದ್ದಾರೆ, ಅದರ ತುಂಬ ಸಾಂಸಾರಿಕ ಕಾದಂಬರಿಗಳೇ. ಫೋನ್ ಮಾಡಿ ಕೇಳಿದರೆ, "ಹೆಣ್ಮಕ್ಕಳು ಮತ್ತೇನು ಓದ್ತಾರ್ರೀ? ಅತ್ತಿ-ಸೊಸಿದು, ಪ್ರೀತಿ-ಪ್ರೇಮದ್ದು. ಅವನ್ನ ತರ್ರಿ, ಖುಷಿ ಆಗ್ತಾರ" ಅಂದರು.

ದುಡ್ಡು ಕೊಟ್ಟವರ ಎದುರು ಏನು ಹೇಳೋದು? ಸುಮ್ನೆ ಹೂಂ ಅಂದೆ. ಮನೆಗೆ ಬಂದು ನಮ್ಮ ರಿಜಿಸ್ಟರ್ ತೆಗೆದು ನೋಡಿದೆ. ಅದು ಬೇರೆಯೇ ಹೇಳುತ್ತದೆ.

ಜಾಸ್ತಿ ಹೊರಗೆ ಹೋಗಿರೋದು ಪತ್ತೇದಾರಿ. ಎನ್. ನರಸಿಂಹಯ್ಯನವರ ಹಳೇ ಕಾದಂಬರಿಗಳನ್ನು ಯಾರೋ ನಾಲ್ಕು ನಾಲ್ಕು ಸೇರಿಸಿ ಬೈಂಡ್ ಮಾಡಿಸಿಟ್ಟಿದ್ದಾರೆ. ಆ ಬೈಂಡಿನ ಬೆನ್ನು ಕಿತ್ತುಹೋಗಿ ಬ್ಯಾಂಡೇಜ್ ಬಟ್ಟೆ ಅಂಟಿಸಿದ್ದೇವೆ. ಒಂದರಲ್ಲಂತೂ ಶುರುವಿನ ಪುಟದಲ್ಲೇ ಪೆನ್ಸಿಲ್ಲಿನಲ್ಲಿ "ಕೊಂದಾಂವ ಅಳಿಯ" ಅಂತ ಬರೆದುಬಿಟ್ಟಿದ್ದಾರೆ. ಅಕ್ಷರ ನೋಡಿದರೆ ನಮ್ಮ ಖಜಾಂಚಿ ಅಕ್ಕನದೇ. ಕೇಳಿದರೆ ನಗುತ್ತಾರೆ, ಒಪ್ಪಲ್ಲ.

ಇನ್ನೊಂದು ಗಮನಿಸಿದ್ದೇನೆ. ಪ್ರೀತಿ-ಪ್ರೇಮದ ಕಾದಂಬರಿ ಒಯ್ಯೋರು ಹೆಚ್ಚಾಗಿ ಕಾಲೇಜು ಹುಡುಗಿಯರು, ಮದುವೆ ಇನ್ನೂ ಆಗದವರು. ಮದುವೆಯಾಗಿ ಮಗು ಆಯ್ತೋ, ನಾಲ್ಕೈದು ವರ್ಷ ರಿಜಿಸ್ಟರಿನಿಂದ ಹೆಸರೇ ಮಾಯ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ವಾಪಸ್ ಬರುತ್ತಾರೆ. ಆಗ ಅವರಿಗೆ ಬೇಕಾಗಿರೋದು ಕೊಲೆ, ಮಾಟ, ನಿಧಿ, ರಾಜರ ಕಾಲದ ಕಥೆ. ಮೊನ್ನೆ ಒಬ್ಬರಿಗೆ ಹೊಸ ಸಾಂಸಾರಿಕ ಕಾದಂಬರಿ ಕೊಡಲು ಹೋದೆ. "ಸಂಸಾರದ ಕಥಿ ಮನ್ಯಾಗ ಐತೆಲ್ಲ, ಇಲ್ಲಿಗೂ ಬಂದು ಅದನ್ನ ಓದಬೇಕೇನ್ರೀ?" ಅಂದುಬಿಟ್ಟರು.

ಹಾಗಂತ ಎಲ್ಲರೂ ಹಾಗಲ್ಲ. ಅರವತ್ತು ದಾಟಿದವರು ತ್ರಿವೇಣಿ, ಎಂ.ಕೆ. ಇಂದಿರಾ ಬಿಟ್ಟು ಕದಲಲ್ಲ. ಓದಿದ್ದನ್ನೇ ಮತ್ತೆ ಓದುತ್ತಾರೆ. ಒಬ್ಬ ಅಜ್ಜಿ 'ಶರಪಂಜರ' ಒಯ್ದರೆ ತಿಂಗಳುಗಟ್ಟಲೆ ಕೊಡಲ್ಲ. ಬಾಣಂತನದಲ್ಲಿ ತಲೆ ಕೆಟ್ಟ ಹೆಂಗಸಿನ ಕಥೆ ಅದು, ನಿಮಗೆ ಗೊತ್ತಿರುತ್ತದೆ. 1971ರಲ್ಲಿ ಸಿನಿಮಾ ಆದಾಗ ಎಲ್ಲರೂ ನೋಡಿದರು. ಅಜ್ಜಿ ಮಾತ್ರ, "ಸಿನಿಮಾ ಬ್ಯಾರೆ, ಇದು ಬ್ಯಾರೆ" ಅಂತಾರೆ. ಆಕೆಯ ತಂಗಿಗೆ ಹಾಗೇ ಆಗಿತ್ತಂತೆ. ನಾನು ಮುಂದೆ ಕೇಳಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನಿಮ್ಮ ಊರಲ್ಲೂ ಹೀಗೇನಾ, ಅಥವಾ ನಮ್ಮ ಮಂಡಳದವರೇ ವಿಚಿತ್ರಾನಾ? ಹದಿನೈದು ಸಾವಿರದಲ್ಲಿ ಏನು ತರಲಿ?

ಹಳೇ ಬಾಡಿಗೆ ಅಂಗಡಿ, ವಿಜಯಪುರ:

ಅಕ್ಕಾವ್ರೇ, ವಿಚಿತ್ರ ಏನೂ ಇಲ್ಲ. 1980ರ ದಶಕದಲ್ಲಿ ನಾನು ಇಲ್ಲಿ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದೆ. ಆಗ ಊರಿನ ಹೆಸರಿನ್ನೂ ಬಿಜಾಪುರ. ಠೇವಣಿ ಇಟ್ಟು, ದಿನದ ಲೆಕ್ಕದಲ್ಲಿ ಬಾಡಿಗೆ.

ಹೆಣ್ಮಕ್ಕಳು ಅಂಗಡಿಗೆ ಬರುತ್ತಿದ್ದುದು ಕಡಿಮೆ. ಚೀಟಿ ಬರುತ್ತಿತ್ತು. ಮಗನ ಕೈಯಲ್ಲಿ ವಾಯರ್ ಚೀಲ, ಚೀಲದೊಳಗೆ ಓದಿ ಮುಗಿಸಿದ ಪುಸ್ತಕ, ಪುಸ್ತಕದೊಳಗೆ ಚೀಟಿ. ಖಾತೆ ಯಜಮಾನರ ಹೆಸರಲ್ಲಿ. ಚೀಟಿಯಲ್ಲಿ ಏನಿರುತ್ತಿತ್ತು ಕೇಳಿ: "ಸಾಯಿಸುತೆ ಒಂದು. ಪತ್ತೇದಾರ ಪುರುಷೋತ್ತಮ ಎರಡು, ನಮ್ಮ ಮನೆಯವರಿಗೆ." ತಿಂಗಳ ಕೊನೆಗೆ ಮನೆಯವರು ಲೆಕ್ಕ ಮುಗಿಸಲು ಬರುತ್ತಿದ್ದರು. "ಪುರುಷೋತ್ತಮ ಹೆಂಗ ಅನಿಸ್ತರೀ?" ಅಂದರೆ, "ಯಾವ ಪುರುಷೋತ್ತಮ? ನನಗ ಪೇಪರ್ ಓದಾಕ ಪುರಸೊತ್ತಿಲ್ಲ" ಅನ್ನೋರು. ನಾನೂ ಬಾಯಿ ಬಿಡುತ್ತಿರಲಿಲ್ಲ. ಗಿರಾಕಿಯ ಗುಟ್ಟು ಅಂಗಡಿಯಲ್ಲೇ ಇರಬೇಕು. ಆ ಪುರುಷೋತ್ತಮನನ್ನು ಸೃಷ್ಟಿಸಿದ ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಬರೆದರು. ಅಷ್ಟನ್ನೂ ಗಂಡಸರೇ ಓದಿ ಮುಗಿಸಿದರು ಅಂತ ನಾನಂತೂ ನಂಬಲ್ಲ.

ತೆಲುಗಿನ ಯಂಡಮೂರಿಯವರ 'ತುಳಸಿದಳ' ಕನ್ನಡಕ್ಕೆ ಬಂದಾಗ ಇನ್ನೂ ಮಜಾ. ಪುಟ್ಟ ಹುಡುಗಿಗೆ ಮಾಟ ಮಾಡಿಸುವ ಕಥೆ. 1985ರಲ್ಲಿ ಕನ್ನಡದಲ್ಲಿ ಸಿನಿಮಾನೂ ಬಂತು. ಯಾರು ಒಯ್ದರು ಅಂದುಕೊಂಡಿರಿ? ಕಂಕುಳಲ್ಲಿ ಮಗು ಇರೋ ತಾಯಂದಿರು. ಇದಕ್ಕೆ ಮಾತ್ರ ಚೀಟಿ ಕಳಿಸದೆ ತಾವೇ ಅಂಗಡಿಗೆ ಬಂದರು, ಬೇರೆಯವರು ಒಯ್ದುಬಿಟ್ಟಾರು ಅಂತ. "ಹೆದರಿಕಿ ಆಗಂಗಿಲ್ಲೇನ್ರಿ ತಾಯಿ?" ಅಂದರೆ, "ಹೆದರಿಕಿ ಆಗಲಿ ಅಂತನ ಒಯ್ಯಾಕತ್ತೇನಿ" ಅನ್ನೋ ಉತ್ತರ.

ಆದರೆ ಒಂದು ಮಾತು. ಪ್ರೀತಿ-ಪ್ರೇಮದ ಕಾದಂಬರಿಗಳನ್ನು ಹೀಯಾಳಿಸಬೇಡಿ. ಸಾಯಿಸುತೆ, ಉಷಾ ನವರತ್ನರಾಮ್ ಇಲ್ಲದಿದ್ದರೆ ನನ್ನ ಅಂಗಡಿಯ ಬಾಡಿಗೆ ಕಟ್ಟಲು ಆಗುತ್ತಿರಲಿಲ್ಲ. ವಾರಪತ್ರಿಕೆಯ ಧಾರಾವಾಹಿ ಪುಟ ಕಿತ್ತು, ಸೂಜಿ-ದಾರದಲ್ಲಿ ಹೊಲಿದು, ರಟ್ಟು ಹಾಕಿ ಪುಸ್ತಕ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ. ಒಂದು ವಾರದ ಕಂತು ಸಿಗದೆ ನಡುವೆ ಖಾಲಿ ಹಾಳೆ ಇಟ್ಟು ಹೊಲಿದಿದ್ದರು ಒಬ್ಬರು, ಆಮೇಲೆ ಸಿಕ್ಕರೆ ಅಂಟಿಸೋಣ ಅಂತ.

ಇನ್ನು ನಿಮ್ಮ ಜಿಲ್ಲೆಯವರೇ ಆದ ಬೀಳಗಿಯ ಕೃಷ್ಣಮೂರ್ತಿ ಪುರಾಣಿಕರನ್ನು ಮರೆತಿರಲ್ಲ? ಅವರ 'ಧರ್ಮದೇವತೆ'ಯೇ 1962ರಲ್ಲಿ 'ಕರುಣೆಯೇ ಕುಟುಂಬದ ಕಣ್ಣು' ಸಿನಿಮಾ ಆಗಿದ್ದು. ಅಪ್ಪಟ ಮನೆ ಕಥೆ. ಅವರ ಪುಸ್ತಕಗಳನ್ನು ನಾನು ಎದುರಿನ ಸಾಲಿನಲ್ಲಿ ಇಡುತ್ತಿದ್ದೆ. ಗಂಡಸರು ನಾಚಿಕೆ ಇಲ್ಲದೆ ಒಯ್ದು, ಅತ್ತು, ವಾಪಸ್ ತಂದು ಕೊಡುತ್ತಿದ್ದರು. ಅಂಥದೇ ಕಥೆ ಹೆಣ್ಮಗಳು ಬರೆದರೆ ಒಳಗಿನ ಸಾಲು. ಹಾಗೆ ಇಟ್ಟವನು ನಾನೇ, ಗಿರಾಕಿ ಕೇಳಿದ ಹಾಗೆ.

ರಾತ್ರಿಪಾಳಿ, ಬೆಳಗಾವಿ:

ನಾನು ಸ್ಟಾಫ್ ನರ್ಸ್. ಓದೋದೆಲ್ಲ ಮೊಬೈಲಿನಲ್ಲೇ, ರಾತ್ರಿ ಎರಡರಿಂದ ನಾಲ್ಕರ ನಡುವೆ. ಅಕ್ಕಾ, ನೀವು ವಯಸ್ಸಿನ ಲೆಕ್ಕ ಹೇಳಿದಿರಿ. ನನ್ನ ಪ್ರಕಾರ ಹೊತ್ತಿನ ಲೆಕ್ಕವೂ ಇದೆ. ಐಸಿಯು ಪಕ್ಕದ ಕುರ್ಚಿಯಲ್ಲಿ ಕೂತು ದೆವ್ವದ ಕಥೆ ಓದೋಕೆ ಯಾರಿಗೆ ಧೈರ್ಯ? ಡ್ಯೂಟಿಯಲ್ಲಿ ನನಗೆ ಬೇಕಾಗಿರೋದು ಪ್ರತಿಲಿಪಿ ಅನ್ನೋ ಕಥೆಗಳ ಆ್ಯಪ್‌ನ ಪ್ರೇಮ ಧಾರಾವಾಹಿ. ಒಂದು ಕಂತು ಹತ್ತು ನಿಮಿಷ. ನಡುವೆ ಬೆಲ್ ಹೊಡೆದು ಎದ್ದು ಹೋದರೂ ಏನೂ ತಪ್ಪಲ್ಲ, ಅಲ್ವಾ. ಕೊಲೆಯ ಕಥೆ ಹಾಗಲ್ಲ. ಎದ್ದು ಹೋಗಿ ಬಂದರೆ ಯಾರು ಯಾರ ತಮ್ಮ ಅನ್ನೋದೇ ಮರೆತಿರುತ್ತದೆ.

ನಿಜ ಹೇಳಬೇಕಂದರೆ ಅಲ್ಲಿ ಓಡೋದು ಒಂದೇ ನಮೂನೆ. ಸಿಡುಕ ಶ್ರೀಮಂತ, ಒತ್ತಾಯದ ಮದುವೆ, ಆಮೇಲೆ ಪ್ರೀತಿ. ಓದುತ್ತಾ ಬೈಯುತ್ತೇವೆ. "ಇವನಿಗೆ ಎರಡು ಬಾರಿಸಬಾರದಾ" ಅಂತ ಕಾಮೆಂಟ್ ಹಾಕುತ್ತೇವೆ. ಮಾರನೇ ದಿನ ಮುಂದಿನ ಕಂತು ಬಂತಾ ಅಂತ ನೋಡುತ್ತೇವೆ. ಬರೆಯುವವರಲ್ಲೂ ಬಹಳಷ್ಟು ಜನ ನಮ್ಮಂಥ ಹೆಣ್ಮಕ್ಕಳೇ. ಬೈದರೆ ಉತ್ತರ ಕೊಡುತ್ತಾರೆ. ಒಬ್ಬರು ನಮ್ಮ ಬೈಗುಳ ತಡೆಯದೆ ನಾಯಕನ ಕೈಯಲ್ಲಿ ಕ್ಷಮೆ ಕೇಳಿಸಿದರು! ಅಚ್ಚಾದ ಪುಸ್ತಕದಲ್ಲಿ ಇದೆಲ್ಲಿ ಸಿಗಬೇಕು?

ರಜೆ ದಿನ ಮಾತ್ರ ಕೆ.ಎನ್. ಗಣೇಶಯ್ಯ. 'ಕರಿಸಿರಿಯಾನ'ದಲ್ಲಿ ವಿಜಯನಗರದ ಸಂಪತ್ತು ಎಲ್ಲಿ ಹೋಯಿತು ಅಂತ ಹುಡುಕುತ್ತಾರಲ್ಲ, ಅದನ್ನು ತಗೊಳ್ಳಿ. ಬಾದಾಮಿ, ಪಟ್ಟದಕಲ್ಲು ಮಗ್ಗುಲಲ್ಲೇ ಇಟ್ಟುಕೊಂಡಿರೋ ನಿಮ್ಮವರಿಗೆ ಹಿಡಿಸುತ್ತದೆ.

ನಮ್ಮ ಅಜ್ಜಿ ಕಲಿತಿದ್ದು ಮರಾಠಿ ಶಾಲೆಯಲ್ಲಿ. ಊಟ ಆದ ಮೇಲೆ ನಾರಾಯಣ ಧಾರಪರ ಭೂತದ ಕಥೆ ಹಿಡಿದು ಮಲಗುತ್ತಾರೆ, ಹೊಟ್ಟೆ ಮೇಲೆ ಪುಸ್ತಕ ಬೋರಲು ಹಾಕಿ ಗೊರಕೆ ಹೊಡೆಯುತ್ತಾರೆ. ಎಪ್ಪತ್ತೆಂಟು ವಯಸ್ಸು. ನಾನು ಓದುವ ಪ್ರೇಮಕಥೆ ಅವರಿಗೆ ತಮಾಷೆ.

ಇಳಕಲ್ ಸೊಸಿ:

ಅಕ್ಕಾ, ನಮ್ಮಲ್ಲಿ ಓದೋದಕ್ಕಿಂತ ಕೇಳೋದು ಜಾಸ್ತಿ. ನಮ್ಮದು ನೇಕಾರರ ಮನೆ. ಮಧ್ಯಾಹ್ನ ಅತ್ತೆ, ನಾನು, ಪಕ್ಕದ ಮನೆಯ ಇಬ್ಬರು ಕೂತು ಕಂಡಿಕೆ, ಅಂದರೆ ಮಗ್ಗಕ್ಕೆ ಬೇಕಾದ ನೂಲಿನ ಉರುಳೆ, ಸುತ್ತುತ್ತೇವೆ. ಕೈಗೆ ಕೆಲಸ ಇರುತ್ತದೆ, ಕಿವಿ ಖಾಲಿ. ಮೊದಲು ನಾನು ಜೋರಾಗಿ ಓದಿ ಹೇಳುತ್ತಿದ್ದೆ, ನನ್ನ ಪಾಲಿನ ಕಂಡಿಕೆ ಅವರು ಸುತ್ತಿಕೊಡುತ್ತಿದ್ದರು. ಈಗ ಫೋನಿನಲ್ಲಿ ಆಡಿಯೋ ಹಾಕಿ ಸ್ಟೀಲ್ ಡಬ್ಬಿಯೊಳಗೆ ಇಡುತ್ತೇವೆ, ದನಿ ದೊಡ್ಡದಾಗುತ್ತದೆ. ಕೈಮಗ್ಗ ಆದ್ದರಿಂದ ನಡೀತದೆ. ಪವರ್‌ಲೂಮ್ ಮನೆಯಲ್ಲಿ ಡಬ್ಬಿ ಅಲ್ಲ, ಹಂಡೆ ಇಟ್ಟರೂ ಕೇಳಲ್ಲ.

ಎಲ್ಲರೂ ಪತ್ತೇದಾರಿ ಯಾಕೆ ಇಷ್ಟಪಡುತ್ತಾರೆ ಅಂತ ಆಶ್ಚರ್ಯ ಪಡುತ್ತಿದ್ದೀರಿ. ನಮ್ಮ ಮನೆಯ ಕಾರಣ ಹೇಳುತ್ತೇನೆ. ಪ್ರೀತಿಯ ಕಥೆ ಓದಿ ಹೇಳುವಾಗ ನಾಯಕ ಕೈ ಹಿಡಿದರೆ ಸಾಕು, ನಾನು ನುಂಗಿಕೊಂಡು ಎರಡು ಪುಟ ಹಾರಿಸಬೇಕು, ಎದುರಿಗೆ ಅತ್ತೆ. ಅತ್ತೆಗೂ ಗೊತ್ತಾಗುತ್ತದೆ, ಆಕೆ ಸುಮ್ನೆ ದಾರ ನೋಡುತ್ತಾ ಕೂರುತ್ತಾರೆ. ಕೊಲೆ ಆದರೆ ಆ ತೊಂದರೆ ಇಲ್ಲ. ಎಷ್ಟು ಹೆಣ ಬಿದ್ದರೂ ಅತ್ತೆ-ಸೊಸೆ ಕೂಡಿ ಕೇಳಬಹುದು. "ಆ ಗುಮಾಸ್ತನ ಮ್ಯಾಲೆ ನನಗ ಮೊದಲs ಸಂಶಯ ಇತ್ತು ನೋಡವಾ" ಅಂತ ಅತ್ತೆ ಹೇಳಿದಾಗ ನಾವಿಬ್ಬರೂ ಒಂದೇ ಪಾರ್ಟಿ.

ಪ್ರೀತಿಯ ಕಥೆ ಓದಲ್ಲ ಅಂತ ಅರ್ಥ ಅಲ್ಲ ಮತ್ತೆ. ಅದನ್ನು ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇನೆ, ರೊಟ್ಟಿ ಬಡಿಯುವಾಗ.

ಕಾಲೇಜು ಮೇಷ್ಟ್ರು, ಜಮಖಂಡಿ:

ಇಳಕಲ್ ತಂಗಿಯ ಮಾತಿನಲ್ಲಿ ದೊಡ್ಡ ವಿಷಯ ಇದೆ. ಅಮೆರಿಕದ ಜಾನಿಸ್ ರಾಡ್‌ವೇ ಅನ್ನೋ ಸಂಶೋಧಕಿ ಅಲ್ಲಿನ ಒಂದು ಊರಿನ ಪ್ರೇಮಕಾದಂಬರಿ ಓದುವ ಹೆಂಗಸರನ್ನು ಮಾತಾಡಿಸಿ 1984ರಲ್ಲಿ ಪುಸ್ತಕ ಬರೆದರು. ಕಥೆಯಲ್ಲಿ ಏನಿದೆ ಅಂತ ಕೇಳಲು ಹೋದರೆ, ಆ ಹೆಂಗಸರು ಓದುವ ಹೊತ್ತಿನ ಬಗ್ಗೆ ಹೇಳಿದರಂತೆ. ಪುಸ್ತಕ ಕೈಯಲ್ಲಿದ್ದಾಗ ಗಂಡ, ಮಕ್ಕಳು ಸ್ವಲ್ಪ ದೂರ ಇರುತ್ತಾರೆ. ಅದು ತಮ್ಮ ಹೊತ್ತು. ನಮ್ಮ ರಾತ್ರಿಪಾಳಿ ತಂಗಿ ಹೇಳಿದ್ದೂ ಅದೇ ಅಲ್ವಾ?

ಇನ್ನು ಕೊಲೆಯ ಕಥೆ ಗಂಡಸರದು ಅನ್ನೋರಿಗೆ ಅಗಾಥಾ ಕ್ರಿಸ್ಟಿ ಸಾಕು. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿ, ಅಲ್ಲಿ ಕಲಿತ ವಿಷದ ವಿದ್ಯೆಯನ್ನು ಕಾದಂಬರಿಗೆ ತಂದವರು. 1920ರಲ್ಲಿ ಬಂದ ಮೊದಲ ಕಾದಂಬರಿಯಲ್ಲೇ ವಿಷದ ಕೊಲೆ.

ನನ್ನ ಸಲಹೆ: ಗೀತಾ ನಾಗಭೂಷಣರ 'ಬದುಕು' ತಗೊಳ್ಳಿ. ಕಲಬುರಗಿ ಕಡೆಯ ಮಾತು, 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಿದೆ. ಬಾನು ಮುಷ್ತಾಕ್ ಅವರ ಕಥೆಗಳೂ ಇರಲಿ.

ಕಪಾಟಿನ ಕೀಲಿ, ಬಾಗಲಕೋಟೆ:

ಸರ್, ನೀವು ಹೇಳಿದ್ದು ಬಾನು ಮುಷ್ತಾಕ್ ಅವರ ಕಥೆಗಳು, ಕಾದಂಬರಿ ಅಲ್ಲ. ದಾನಿಗಳ ಷರತ್ತು ಇದೆಯಲ್ಲ. ಆದರೆ 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದ ಸುದ್ದಿ ಟಿವಿಯಲ್ಲಿ ಬಂದ ವಾರವೇ ನಮ್ಮಲ್ಲಿ ಕೇಳಿಕೊಂಡು ಬಂದಿದ್ದರು. ಆ ಒಂದು ಪುಸ್ತಕ ಮಂಡಳದ ದುಡ್ಡಲ್ಲೇ ತರುತ್ತೇನೆ. 'ಬದುಕು' ಖಂಡಿತ.

ವಿಜಯಪುರದ ಅಣ್ಣಾವ್ರೇ, ನಿಮ್ಮ ಚೀಟಿ ಕಥೆ ಮಂಡಳದಲ್ಲಿ ಓದಿ ಹೇಳಿದೆ. ಇಬ್ಬರು ಹಿರಿಯರು ಮುಖ ಮುಖ ನೋಡಿಕೊಂಡರು, ಏನೂ ಹೇಳಲಿಲ್ಲ. ಪುರಾಣಿಕರ ಎರಡು ಕಾದಂಬರಿ ಪಟ್ಟಿಗೆ ಸೇರಿಸಿದ್ದೇನೆ, ಹಳೇ ಪ್ರತಿ ಸಿಕ್ಕರೂ ಸರಿ. ಇಳಕಲ್ ತಂಗಿ ಹೇಳಿದ ಮೇಲೆ ಇನ್ನೊಂದು ಯೋಚನೆ ಬಂತು. ತೆರೆದ ಕಪಾಟಿನ ಮುಂದೆ ಎಲ್ಲರೆದುರು ನಿಂತು ಆರಿಸಬೇಕಾದರೆ ಎಷ್ಟೋ ಜನ ಬೇಕಾದ್ದು ಬಿಟ್ಟು ಮರ್ಯಾದೆಯ ಪುಸ್ತಕ ಒಯ್ಯುತ್ತಾರೇನೋ. ಅದಕ್ಕೆ ಈ ವಾರದಿಂದ ಒಂದು ಡಬ್ಬಿ ಇಡುತ್ತಿದ್ದೇನೆ. ಯಾವ ಪುಸ್ತಕ ಬೇಕೋ ಬರೆದು ಹಾಕಿ, ಹೆಸರು ಬೇಡ ಅಂತ. ಅದನ್ನು ನೋಡಿಯೇ ಅರ್ಧ ದುಡ್ಡು ಖರ್ಚು ಮಾಡುತ್ತೇನೆ. ದಾನಿಗಳ ಪಟ್ಟಿಯಿಂದ ಐದು ಪುಸ್ತಕ ತಂದರೆ ಅವರಿಗೂ ಸಮಾಧಾನ, ಕಾಲೇಜು ಹುಡುಗಿಯರಿಗೂ ಸಮಾಧಾನ.

ಇನ್ನೊಂದು ಸಹಾಯ ಬೇಕು. ಅರವತ್ತು ದಾಟಿದವರದು ಒಂದೇ ಗೋಳು, ಅಕ್ಷರ ಸಣ್ಣವು. ತ್ರಿವೇಣಿ, ಇಂದಿರಾ ಅವರ ಕಾದಂಬರಿ ಸ್ವಲ್ಪ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದು ಯಾರ ಹತ್ತಿರವಾದರೂ ಇದ್ದರೆ ಒಂದು ಪುಟದ ಫೋಟೋ ಹಾಕಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆಯಿರಿ, ಅಕ್ಷರ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಮುಂದಿನ ವಾರ ಧಾರವಾಡಕ್ಕೆ ಹೋಗಿ ತರುವವಳಿದ್ದೇನೆ, ಅಷ್ಟರಲ್ಲಿ ಹೇಳಿದರೆ ಉಪಕಾರ.