ನಿವೃತ್ತಿಯ ನಂತರ ನೆಲೆ ಎಲ್ಲಿ: ಬೆಳಗಾವಿಯೋ, ಬಾಗಲಕೋಟೆಯೋ, ವಿಜಯಪುರವೋ?

ಜಮಖಂಡಿ ಮಾಸ್ತರ
ಬರುವ ಮೇ ಕೊನೆಗೆ ಪ್ರೌಢಶಾಲೆಯ ಸೇವೆಯಿಂದ ನಿವೃತ್ತನಾಗುತ್ತಿದ್ದೇನೆ. ಇದುವರೆಗೆ ಬಾಡಿಗೆ ಮನೆಗಳಲ್ಲಿಯೇ ಸಂಸಾರ ಸಾಗಿದೆ. ಕೈಗೆ ಬರುವ ಗ್ರ್ಯಾಚುಟಿ ಮತ್ತು ಜಿಪಿಎಫ್ ಹಣದಲ್ಲಿ ಸ್ವಂತದ್ದೊಂದು ಮನೆ ಮಾಡಿಕೊಳ್ಳುವ ವಿಚಾರವಿದೆ. ಮಗಳು ಪುಣೆಯಲ್ಲಿ, ಮಗ ಬೆಂಗಳೂರಿನಲ್ಲಿ. ನನಗೆ ಬಿಪಿ, ಮನೆಯವರಿಗೆ ಉಬ್ಬಸ. ಹವೆ ಚೆನ್ನಾಗಿದೆ ಎಂದು ಹೆಚ್ಚಿನವರು ಬೆಳಗಾವಿಯ ಹೆಸರು ಹೇಳುತ್ತಾರೆ, ಸೋವಿ ಎಂದು ಕೆಲವರು ವಿಜಯಪುರ ಎನ್ನುತ್ತಾರೆ, ನನಗಂತೂ ಬಾಗಲಕೋಟೆ ನವನಗರದ ಅಗಲವಾದ ರಸ್ತೆಗಳು ಹಿಡಿಸಿವೆ. ಬಲ್ಲವರು ತಿಳಿಸಬೇಕು.

ಟಿಳಕವಾಡಿ ನಿವಾಸಿ
ಗುರುಗಳೇ, ಇದರಲ್ಲಿ ಅಷ್ಟೊಂದು ಯೋಚಿಸುವಂಥದ್ದು ಏನಿದೆ ಎಂದು ನನಗೆ ತಿಳಿಯುತ್ತಿಲ್ಲ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಪಶ್ಚಿಮಘಟ್ಟದ ಮಗ್ಗುಲಲ್ಲೇ ಇರುವ ಬೆಳಗಾವಿಯಲ್ಲಿ ಏಪ್ರಿಲ್ ಮಧ್ಯಾಹ್ನ ಎಷ್ಟೇ ಕಾದರೂ ಸಂಜೆಗೆ ಗಾಳಿ ತಿರುಗುತ್ತದೆ, ನಡುನಡುವೆ ಅಡ್ಡಮಳೆಯೂ ಬಂದು ನೆಲ ತಣಿಯುತ್ತದೆ. ಸರಕಾರಿ ಮತ್ತು ಖಾಸಗಿ ವೈದ್ಯಕೀಯ ಕಾಲೇಜುಗಳೆರಡರ ಆಸ್ಪತ್ರೆಗಳೂ ಊರೊಳಗೇ ಇವೆ. ಪುಣೆಗೆ ಹೋಗಲು ರಾಷ್ಟ್ರೀಯ ಹೆದ್ದಾರಿ 48 ಇದೆ. 2024ರ ಸೆಪ್ಟೆಂಬರ್‌ನಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಕೂಡ ನಮ್ಮ ಊರಿನ ಮೇಲೆಯೇ ಓಡುತ್ತದೆ. ಬೆಲೆ ತುಟ್ಟಿ ಎಂಬುದನ್ನು ಒಪ್ಪುತ್ತೇನೆ. ಆದರೆ ಒಳ್ಳೆಯ ಹವೆಗೆ ತೆರುವ ಬೆಲೆ ಅದು.

ರಾತ್ರಿಪಾಳಿ ಸಿಸ್ಟರ್
ಮೇಲಿನವರು ಏಪ್ರಿಲ್ ತಿಂಗಳ ಸಂಜೆಯ ಬಗ್ಗೆ ಬರೆದಿದ್ದಾರೆ, ಜುಲೈ ತಿಂಗಳ ಮುಂಜಾವಿನ ಬಗ್ಗೆ ಬರೆದಿಲ್ಲ. ಮನೆಯಲ್ಲಿ ಉಬ್ಬಸದವರಿದ್ದಾರೆ ಎಂದು ಮಾಸ್ತರರು ಸ್ಪಷ್ಟವಾಗಿ ಹೇಳಿರುವಾಗ ಅದನ್ನು ಬಿಟ್ಟು ಹವೆಯನ್ನು ಹೊಗಳುವುದು ಸರಿಯಲ್ಲ. ಮಳೆ ಹಿಡಿದುಕೊಂಡಾಗ ಬೆಳಗಾವಿಯ ಮನೆಗಳಲ್ಲಿ ಒಗೆದ ಬಟ್ಟೆಯನ್ನು ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಒಣಗಿಸುತ್ತಾರೆ. ಕಪಾಟಿನ ಹಿಂಬದಿಯ ಗೋಡೆಗೆ ಪಸೆ ಇಳಿದು, ಬಣ್ಣ ಉಬ್ಬಿ, ಅಲ್ಲಿ ಕಪ್ಪಗೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟೂ ಹಾಸಿಗೆಯ ತೇವವೂ ಉಬ್ಬಸವನ್ನು ಕೆದಕುತ್ತವೆ. ಡಿಸೆಂಬರ್–ಜನವರಿಯ ಥಂಡಿಯಲ್ಲಿಯೂ ಅವರಿಗೆ ತೊಂದರೆ ತಪ್ಪಿದ್ದಲ್ಲ. ಹಾಗೆಂದು ವಿಜಯಪುರದ ಒಣ ಹವೆ ಎಲ್ಲರಿಗೂ ಹಿತ ಎಂದೂ ಅಲ್ಲ. ಬಿಪಿಗೆ ಕೊಡುವ ಗುಳಿಗೆಗಳಲ್ಲಿ ಕೆಲವು ಮೂತ್ರವನ್ನು ಹೆಚ್ಚಿಸುವಂಥವು. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಕಡಿಮೆಯಾಗುವುದರಿಂದ, ಕಡು ಬೇಸಿಗೆಯಲ್ಲಿ ದೇಹದ ನೀರು ಮತ್ತು ಸೋಡಿಯಂ ಇಳಿದು, ಮಾತು ತೊದಲುತ್ತ, ಯಾರನ್ನೂ ಗುರುತಿಸದ ಸ್ಥಿತಿಯಲ್ಲಿ ಬರುವ ಹಿರಿಯರನ್ನು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇವೆ. ಗುರುಗಳು ತಮ್ಮ ಗುಳಿಗೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ ಈ ವಿಷಯ ಕೇಳಿಕೊಂಡ ಮೇಲೆಯೇ ಊರು ಆರಿಸುವುದು ಒಳಿತು.

ಗುಮ್ಮಟದೂರಿನವ
ನಮ್ಮ ಊರನ್ನು ಬಿಸಿಲಿನ ಊರೆಂದು ಹೆದರಿಸುವುದು ಹಳೆಯ ಚಾಳಿ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ನಿಜ. ಆದರೆ ಉಳಿದ ತಿಂಗಳುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ಮಳೆಯ ಜೋರೆಲ್ಲ ಸೆಪ್ಟೆಂಬರ್ ಸುಮಾರಿಗೆ, ಅದೂ ಬಂದು ಹೋಗುವ ಮಳೆ. ಜಿಟಿಜಿಟಿ ಹಿಡಿದು ಮನೆಯಲ್ಲಿ ಕೂರಿಸುವುದಿಲ್ಲ. ಬೇಗೆಗೆ ಊರಿಗಿಂತ ಈಗಿನ ಆರ್‌ಸಿಸಿ ಮನೆಗಳೇ ಹೆಚ್ಚು ಕಾರಣ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಎರಡು ಗಂಟೆಯವರೆಗೂ ಒಳಗೆ ಕಾವು ಬಿಡುತ್ತದೆ. ನಮ್ಮ ಅಜ್ಜನ ಕಾಲದ, ಮಣ್ಣಿನ ಮಾಳಿಗೆಯ ಮೇಲ್ಮುದ್ದೆ ಮನೆಯೊಳಗೆ ಮಧ್ಯಾಹ್ನ ಹೊಕ್ಕು ನೋಡಿ, ಕೂಲರ್ ಬೇಡವೆನಿಸುತ್ತದೆ. ಸ್ಲ್ಯಾಬಿನ ಮನೆಯೇ ಆದರೂ ಬೇಸಿಗೆಗೆ ಮುಂಚೆ ಮಾಳಿಗೆಗೆ ಸುಣ್ಣ ಬಳಿಸಿದರೆ ಒಳಗಿನ ಕಾವು ಗೊತ್ತಾಗುವಷ್ಟು ಇಳಿಯುತ್ತದೆ. ಬಾಡಿಗೆ, ಕಾಯಿಪಲ್ಲೆ, ಮನೆಗೆಲಸದವರ ಸಂಬಳ, ಎಲ್ಲವೂ ಬೆಳಗಾವಿಗಿಂತ ಹಗುರ. ಬೆಳಿಗ್ಗೆ ಜ್ಞಾನಯೋಗಾಶ್ರಮದ ಆವರಣದಲ್ಲಿ ಒಂದು ಸುತ್ತು ಹಾಕಿ ಬಂದರೆ ಮನಸ್ಸಿಗೂ ನೆಮ್ಮದಿ.

ಪಿಡಬ್ಲ್ಯೂಡಿ ನಿವೃತ್ತ
ಮೇಲ್ಮುದ್ದೆ ಮನೆಯ ತಂಪನ್ನು ನಾನೂ ಉಂಡವನೇ, ಆದರೆ ಸುರಕ್ಷತೆಯ ಮಾತು ಬಂದಾಗ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಅಷ್ಟೊಂದು ಜನ ಸತ್ತದ್ದಕ್ಕೆ ಮುಖ್ಯ ಕಾರಣ, ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲೆ ಹೇರಿದ್ದ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದದ್ದು. ವಿಜಯಪುರ ಜಿಲ್ಲೆಯಲ್ಲಿಯೂ 2021–22ರಲ್ಲಿ ಲಘು ಕಂಪನಗಳು ಮೇಲಿಂದ ಮೇಲೆ ಆಗಿವೆ. ಅವುಗಳಿಗೆ ಹೆದರಿ ಊರು ಬಿಡಬೇಕಾಗಿಲ್ಲ; ಕಾಲಂ ಮತ್ತು ಬೀಮುಗಳನ್ನು ಸರಿಯಾಗಿ ಕೂಡಿಸಿ ಕಟ್ಟಿದ ಮನೆ ಇಂಥ ಕಂಪನವನ್ನು ತಡೆದುಕೊಳ್ಳುತ್ತದೆ. ಆದರೆ ತಂಪಿನ ಆಸೆಗೆ ಹಳೆಯ ಮನೆ ಕೊಳ್ಳುವವರು ಗೋಡೆಗಳ ಮೂಲೆಗಳಲ್ಲಿ ಬಿರುಕಿದೆಯೇ, ಮಾಳಿಗೆಯ ಮೇಲೆ ವರ್ಷ ವರ್ಷ ಮಣ್ಣು ಹೇರಿದ್ದಾರೆಯೇ ಎಂದು ನೋಡದೆ ಮುಂಗಡ ಕೊಡಬಾರದು.

ಇನ್ನು ಬೆಳಗಾವಿ. ‘ಬೆಳಗಾವಿಯ ಹವೆ’ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಖಾನಾಪುರದ ಕಡೆ ಹೋದಷ್ಟೂ ಮಳೆ ಹೆಚ್ಚು, ಅದೇ ಜಿಲ್ಲೆಯ ಅಥಣಿ ವಿಜಯಪುರದಷ್ಟೇ ಒಣ. 2019ರ ಆಗಸ್ಟ್‌ನಲ್ಲಿ ನದಿಗಳು ಉಕ್ಕಿದ್ದು ಹಳ್ಳಿಗಳಿಗೆ ಮಾತ್ರ ಎಂದು ತಿಳಿಯಬೇಡಿ, ನಗರದೊಳಗೂ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ನಗರದಲ್ಲಿ ಹರಿಯುವ ಬಳ್ಳಾರಿ ನಾಲಾದ ಆಸುಪಾಸಿನಲ್ಲಿ ಪ್ಲಾಟು ಸೋವಿಗೆ ಸಿಗುತ್ತಿದೆ ಎಂದರೆ ಏಕೆ ಸೋವಿ ಎಂದು ಅಲ್ಲಿಯ ಹಳಬರನ್ನು ಕೇಳಿ. ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗದ ಗುಂಟೆ ಪ್ಲಾಟಿನ ಗೊಡವೆಗೆ ಮಾತ್ರ ನಿವೃತ್ತಿಯ ಹಣ ಹಿಡಿದುಕೊಂಡು ಹೋಗಲೇಬೇಡಿ.

ನವನಗರದ ಗೃಹಿಣಿ
ಬಾಗಲಕೋಟೆಯ ಬಗ್ಗೆ ಯಾರೂ ಬರೆಯಲಿಲ್ಲವಲ್ಲ! ನವನಗರ ಹುಟ್ಟಿದ್ದೇ ಆಲಮಟ್ಟಿಯ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ. ಹಾಗಾಗಿ ಎತ್ತರದ ನೆಲದಲ್ಲಿ ಸೆಕ್ಟರುಗಳನ್ನು ಗೆರೆ ಎಳೆದಂತೆ ಹಾಕಿ ಕಟ್ಟಿದ್ದಾರೆ. ವಯಸ್ಸಾದವರು ಸಂಜೆ ಹೊತ್ತು ಕೈಬೀಸಿ ನಡೆಯಲು ಜಾಗವಿದೆ, ಟಂಟಂ ಹತ್ತಿದರೆ ಬಜಾರ ಹತ್ತಿರ, ಕುಮಾರೇಶ್ವರ ಆಸ್ಪತ್ರೆ ಊರಲ್ಲೇ ಇದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಮಗನ ಊರು ಬೆಂಗಳೂರು. ಕೊರತೆಗಳನ್ನೂ ಹೇಳುತ್ತೇನೆ. ಬಿಸಿಲು ವಿಜಯಪುರಕ್ಕೆ ಬಹಳವೇನೂ ಕಡಿಮೆ ಇಲ್ಲ, ಬೇಸಿಗೆಯ ಗಾಳಿಗೆ ಧೂಳೂ ಏಳುತ್ತದೆ, ಅದು ಅಕ್ಕನವರ ಉಬ್ಬಸಕ್ಕೆ ಒಳ್ಳೆಯದಲ್ಲ. ಮನೆ ಕೊಳ್ಳುವುದಾದರೆ ಆ ನಿವೇಶನ ಮೊದಲು ಯಾವ ಸಂತ್ರಸ್ತರ ಹೆಸರಿಗೆ ಹಂಚಿಕೆಯಾಗಿತ್ತು, ಅವರ ವಾರಸುದಾರರೆಲ್ಲ ಸಹಿ ಹಾಕಿದ್ದಾರೆಯೇ ಎಂಬುದನ್ನು ಕಾಗದದಲ್ಲಿ ನೋಡಬೇಕು. ಹಳೆಯ ಊರಿನಲ್ಲಿ ಕೊಳ್ಳುವ ಮಾತಂತೂ ಈಗ ಬೇಡ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇರುವುದರಿಂದ ಅಲ್ಲಿಯ ಇನ್ನಷ್ಟು ವಾರ್ಡುಗಳು ಮುಳುಗಡೆಯ ಲೆಕ್ಕದಲ್ಲಿವೆ.

ಟಿಳಕವಾಡಿ ನಿವಾಸಿ
ಸಿಸ್ಟರ್ ಅವರ ಮಾತಿಗೆ ಉತ್ತರ: ಪಸೆ ಹಿಡಿಯುವುದು ಕಟ್ಟಡದ ದೋಷ. ಪಶ್ಚಿಮದ ಗೋಡೆಗೆ ಮಳೆ ತಡೆಯುವ ಸಜ್ಜೆ ಇರುವ, ಬಿಸಿಲು ಒಳಗೆ ಬೀಳುವ ಮನೆ ಆರಿಸಿಕೊಂಡರೆ ಮಳೆಗಾಲ ಸುಸೂತ್ರವಾಗಿ ಕಳೆಯುತ್ತದೆ. ಡಿಸೆಂಬರ್‌ನಲ್ಲಿ ಸುವರ್ಣಸೌಧದ ಅಧಿವೇಶನ ನಡೆದಾಗ ಆಗುವ ಗದ್ದಲವೊಂದನ್ನು ಬಿಟ್ಟರೆ ಇಲ್ಲಿ ಹಿರಿಯರಿಗೆ ಅಡಚಣೆ ಎಂಬುದಿಲ್ಲ.

ರಾತ್ರಿಪಾಳಿ ಸಿಸ್ಟರ್
ಅಂಥ ಮನೆ ಸಿಗುತ್ತದೆಯೋ ಇಲ್ಲವೋ ಎಂಬುದು ಮಳೆಗಾಲದಲ್ಲಿ ಇದ್ದು ನೋಡಿದರೆ ಮಾತ್ರ ಗೊತ್ತಾಗುವಂಥದ್ದು, ಫೆಬ್ರುವರಿಯಲ್ಲಿ ಬಂದು ಬಣ್ಣ ಬಳಿದ ಗೋಡೆ ನೋಡಿದವರಿಗೆ ತಿಳಿಯುವುದಿಲ್ಲ. ಇನ್ನು, ಆಸ್ಪತ್ರೆ ಊರಲ್ಲಿದೆ ಎಂದು ಎಲ್ಲರೂ ಬರೆಯುತ್ತಿದ್ದೀರಿ. ನಡುರಾತ್ರಿಯಲ್ಲಿ ಏನು ಸಿಗುತ್ತದೆ ಎಂಬುದೇ ಕೇಳಬೇಕಾದದ್ದು. ಪಾರ್ಶ್ವವಾಯು ಬಡಿದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ತಾಸಿನೊಳಗೆ, ಅದೂ ಸಿ.ಟಿ. ಸ್ಕ್ಯಾನ್ ಆದ ಮೇಲೆಯೇ ಕೊಡಬೇಕು. ನೋಡಿಟ್ಟ ಮನೆಯಿಂದ ರಾತ್ರಿ ವಾಹನ ಸಿಗುತ್ತದೆಯೇ, ಆ ಹೊತ್ತಿಗೆ ಸ್ಕ್ಯಾನ್ ತೆಗೆಯುವವರು ಇರುತ್ತಾರೆಯೇ, ಹೃದಯದ ರಕ್ತನಾಳದ ತಡೆ ಬಿಡಿಸುವ ಕ್ಯಾಥ್‌ಲ್ಯಾಬ್ ನಡೆಯುತ್ತದೆಯೇ ಎಂದು ಮೂರೂ ಊರುಗಳಲ್ಲಿ ವಿಚಾರಿಸಿ. ಅದಕ್ಕಿಂತ ಹೆಚ್ಚಾಗಿ ನಮ್ಮಲ್ಲಿಗೆ ಬರುವುದು ಜಾರಿಬಿದ್ದು ಸೊಂಟ ಮುರಿದುಕೊಂಡವರು. ಪಾಚಿಗಟ್ಟಿದ ಹೊರಗಿನ ಮೆಟ್ಟಿಲು, ನುಣುಪು ಟೈಲ್ಸಿನ ಬಚ್ಚಲು, ಕೈ ಹಿಡಿಯಲು ಏನೂ ಇಲ್ಲದ ಪಾಯಖಾನೆ ಇದ್ದರೆ ಯಾವ ಊರಿನ ಹವೆಯೂ ಕಾಯುವುದಿಲ್ಲ.

ಬ್ಯಾಂಕಿನ ಕಾಕಾ
ಹಣದ ಮಾತಿಗೆ ಬರುತ್ತೇನೆ. ಮಾಸ್ತರರೇ, ಎಲ್ಲವನ್ನೂ ಮನೆಗೆ ಸುರಿಯಬೇಡಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇಕಡಾ 8.2ರ ದರದಲ್ಲಿ ಲೆಕ್ಕ ಹಾಕಿದರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬಡ್ಡಿ ಬರುತ್ತದೆ. ದರ ಮುಂದೆ ಬದಲಾದರೂ ನೀವು ಇಟ್ಟ ದಿನದ ದರ ಐದು ವರ್ಷ ನಿಮಗೆ ಖಾಯಂ. ಪೆನ್ಶನ್ನಿನ ಜೊತೆಗೆ ಇದರಲ್ಲಿ ಒಂದು ಪಾಲು ಬಂದರೂ ಈ ಮೂರು ಊರುಗಳಲ್ಲಿ ನೆಲಮಹಡಿಯ ಒಳ್ಳೆಯ ಮನೆಯ ಬಾಡಿಗೆಯನ್ನು ನೀಗಿಸಬಹುದು. ಮನೆ ಕೊಂಡರೂ ಮಗನ ಹೆಸರಿಗೆ ಈಗಲೇ ದಾನಪತ್ರ ಬರೆದುಕೊಡಬೇಡಿ. ಬರೆಯಲೇಬೇಕಾದರೆ, ತಂದೆ-ತಾಯಿಯನ್ನು ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿ ಸ್ಪಷ್ಟವಾಗಿ ಇರಲಿ. ಆ ಷರತ್ತು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಡಿ ಪತ್ರವನ್ನು ರದ್ದುಪಡಿಸಿಕೊಳ್ಳಲು ದಾರಿ ಇದೆ. ಸುರಕ್ಷತೆ ಎಂದೊಡನೆ ಕಳ್ಳರನ್ನು ನೆನೆಯುತ್ತೇವೆ. ಈಗ ‘ಡಿಜಿಟಲ್ ಅರೆಸ್ಟ್’ ಎಂದು ಫೋನಿನಲ್ಲಿ ಹೆದರಿಸಿ ಪೆನ್ಶನ್‌ದಾರರ ಖಾತೆ ಬರಿದು ಮಾಡುವವರು ಬೆಳಗಾವಿಗೂ ಬರುತ್ತಾರೆ, ನವನಗರಕ್ಕೂ ಬರುತ್ತಾರೆ. ಹಾಗೆ ಬಂಧಿಸುವ ಕಾನೂನೇ ಇಲ್ಲ. ಹಣ ಹೋದ ಗಳಿಗೆಯೇ 1930ಕ್ಕೆ ಕರೆ ಮಾಡಬೇಕು.

ಗುಮ್ಮಟದೂರಿನವ
ಕಾಕಾ, ಬಾಡಿಗೆ ಮನೆಯ ಮಾಲೀಕ ಎಂದಾದರೂ ‘ಬಿಡಿ’ ಎಂದರೆ ಎಪ್ಪತ್ತರ ವಯಸ್ಸಿನಲ್ಲಿ ಸಾಮಾನು ಹೊರುವವರು ಯಾರು? ಸ್ವಂತ ಸೂರಿಗೆ ಸಮನಾದದ್ದಿಲ್ಲ.

ಬ್ಯಾಂಕಿನ ಕಾಕಾ
ಆ ಹೆದರಿಕೆ ಸುಳ್ಳಲ್ಲ. ಆದರೆ ಒಗ್ಗದ ಊರಿನಲ್ಲಿ ಕೊಂಡ ಮನೆಯನ್ನು ಮಾರಲು ವರ್ಷಗಟ್ಟಲೆ ಕಾಯುವುದು ಅದಕ್ಕಿಂತ ಕಷ್ಟ. ಸಾಯುವವರೆಗೂ ಬಾಡಿಗೆಯಲ್ಲಿರಿ ಎಂದು ನಾನು ಹೇಳುತ್ತಿಲ್ಲ. ಮೊದಲ ವರ್ಷ ಕೊಳ್ಳಬೇಡಿ ಎನ್ನುತ್ತಿದ್ದೇನೆ.

ಜಮಖಂಡಿ ಮಾಸ್ತರ
ಎಲ್ಲರಿಗೂ ನಮಸ್ಕಾರ. ಬಂದ ಮಾತುಗಳನ್ನೆಲ್ಲ ಮನೆಯವರಿಗೆ ಓದಿ ಹೇಳಿದೆ. ನಾನು ನವನಗರದ ರಸ್ತೆ ನೋಡಿದ್ದೆ, ಅವರು ಕೇಳಿದ ಮೊದಲ ಪ್ರಶ್ನೆ ‘ಉಸಿರು ಕಟ್ಟಿದಾಗ ಬಾಗಿಲು ಬಡಿದರೆ ಏಳುವ ನೆರೆಯವರು ಯಾರಿದ್ದಾರೆ’ ಎಂಬುದು. ಪರಿಚಯದವರಿರುವುದು ಬೆಳಗಾವಿಯ ಶಹಾಪುರದಲ್ಲಿ ಮತ್ತು ನವನಗರದಲ್ಲಿ ಮಾತ್ರ, ಆದ್ದರಿಂದ ವಿಜಯಪುರವನ್ನು ಕೈಬಿಟ್ಟಿದ್ದೇವೆ, ಗುಮ್ಮಟದೂರಿನವರು ಸಿಟ್ಟಾಗಬಾರದು. ಜೂನ್‌ನಿಂದ ಶಹಾಪುರದಲ್ಲಿ ಬಾಡಿಗೆಗಿದ್ದು ಒಂದು ಮಳೆಗಾಲ ನೋಡುತ್ತೇವೆ. ಮನೆಯವರ ಉಬ್ಬಸ ಹೆಚ್ಚಿದರೆ ದೀಪಾವಳಿಯ ಹೊತ್ತಿಗೆ ನವನಗರಕ್ಕೆ ಹೋಗಿ ಅಲ್ಲಿಯ ಬೇಸಿಗೆ ನೋಡುವುದು. ನೆಲಮಹಡಿಯ, ಪಶ್ಚಿಮಕ್ಕೆ ಸಜ್ಜೆ ಇರುವ ಮನೆ ಶಹಾಪುರದಲ್ಲಿ ಯಾರದಾದರೂ ಖಾಲಿ ಇದ್ದರೆ ತಿಳಿಸಿ.

ಟಿಳಕವಾಡಿ ನಿವಾಸಿ
ಶಹಾಪುರದಲ್ಲಿ ಮನೆ ನೋಡುವಾಗ ನಾಲಾದ ಕಡೆಯ ಓಣಿಗಳನ್ನು ಬಿಟ್ಟು ನೋಡಿ, ಗುರುಗಳೇ. ಹನ್ನೊಂದು ತಿಂಗಳ ಕರಾರಿನಲ್ಲಿ ನಡುವೆ ಬಿಟ್ಟರೆ ಡಿಪಾಸಿಟ್ ಎಷ್ಟು ಹಿಂತಿರುಗುತ್ತದೆ ಎಂಬುದನ್ನು ಮೊದಲೇ ಬರೆಸಿಕೊಳ್ಳಿ; ನಮ್ಮ ಓಣಿಯಲ್ಲಿಯೂ ವಿಚಾರಿಸಿ ಹೇಳುತ್ತೇನೆ.